ಕಾಗದಕ್ಕಾಗಿ ಮಾರಲ್ಪಟ್ಟ ಇಬ್ಬರು

ಹಝ್ರತ್ ಬಿಲಾಲ್(ರ)ರ ಕಥೆಯನ್ನು ಕೇಳದೆ ಬೆಳೆದ ಮುಸ್ಲಿಮ್ ಮಗು ಇರಲಾರದು. ಉರಿಬಿಸಿಲಿನ ಮರಳು, ಎದೆಯ ಮೇಲಿನ ಬಂಡೆ, ಒಡೆಯ ಉಮಯ್ಯನ ಕ್ರೌರ್ಯ, ಕೊನೆಗೆ ಅಬೂಬಕರ್ ಸಿದ್ದೀಕ್(ರ)ರು ಬೆಲೆ ತೆತ್ತು ಅವರನ್ನು ಬಿಡಿಸಿದ ಸಂಗತಿ, ಇವೆಲ್ಲ ನಮಗೆ ಬಾಯಿಪಾಠ. ಅಂದಿನ ಮಕ್ಕಾದಲ್ಲಿ ಗುಲಾಮಗಿರಿ ಹೇಗಿತ್ತೆಂದು ಯಾರಾದರೂ ಕೇಳಿದರೆ ನಾವು ಅಂಕಿಅಂಶಗಳನ್ನು ಹುಡುಕುವುದಿಲ್ಲ. ಬಿಲಾಲ್, ಖಬ್ಬಾಬ್, ಸುಮಯ್ಯಾ ಎಂದು ಹೆಸರುಗಳನ್ನೇ ಹೇಳುತ್ತೇವೆ. ಆ ಹೆಸರುಗಳಲ್ಲೇ ಅಂದಿನ ಗುಲಾಮಗಿರಿಯ ಇತಿಹಾಸವಿದೆ.

ಅಟ್ಲಾಂಟಿಕ್ ಸಾಗರದ ಗುಲಾಮ ವ್ಯಾಪಾರದ ಇತಿಹಾಸವು ನಮಗೆ ದೊರೆತಿರುವುದು ಹೀಗಲ್ಲ. 16ನೇ ಶತಮಾನದಿಂದ 19ನೇ ಶತಮಾನದವರೆಗೆ ಸುಮಾರು ಒಂದು ಕೋಟಿ 25 ಲಕ್ಷ ಆಫ್ರಿಕನ್ನರನ್ನು ಹಡಗಿಗೆ ಹತ್ತಿಸಲಾಯಿತೆಂದೂ, ಅಮೆರಿಕದ ದಡಗಳನ್ನು ಜೀವಂತವಾಗಿ ಮುಟ್ಟಿದವರು ಸುಮಾರು ಒಂದು ಕೋಟಿ 7 ಲಕ್ಷ ಮಂದಿಯೆಂದೂ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಈ ಲೆಕ್ಕಕ್ಕೆ ಆಧಾರ ಹಡಗಿನ ದಫ್ತರಗಳು, ಸುಂಕದ ಕಡತಗಳು, ವಿಮೆಯ ಪತ್ರಗಳು. ಅಂದರೆ ಎಲ್ಲವೂ ಮಾರಿದವರ ಮತ್ತು ಕೊಂಡವರ ಬರವಣಿಗೆ. ಅಲ್ಲಿ ಮನುಷ್ಯನಿಗೆ ಹೆಸರಿಲ್ಲ. ಅವನು ಗಂಡೋ ಹೆಣ್ಣೋ, ವಯಸ್ಸೆಷ್ಟು, ಬೆಲೆ ಎಷ್ಟು ಎಂಬುದಷ್ಟೇ ಇದೆ.

ಆದರೆ ಹೀಗೆ ಹೊತ್ತೊಯ್ಯಲ್ಪಟ್ಟವರಲ್ಲಿ ಓದುಬರಹ ಬಲ್ಲ ಮುಸ್ಲಿಮರೂ ಇದ್ದರು. ಸೆನೆಗಲ್, ಗ್ಯಾಂಬಿಯಾ ನದಿಗಳ ನಾಡಿನಲ್ಲಿ ಮಕ್ಕಳು ಮರದ ಹಲಗೆಯ ಮೇಲೆ ಕುರ್‌ಆನ್ ಬರೆದು ಕಲಿಯುತ್ತಿದ್ದ ಕಾಲವದು. ಅವರಲ್ಲಿ ಕೆಲವರು ಸೆರೆಯಲ್ಲಿಯೂ ತೋಟದ ದುಡಿಮೆಯ ನಡುವೆಯೂ ಅರಬಿಯಲ್ಲಿ ಬರೆದರು. ಅವರ ಬದುಕುಗಳನ್ನು ಓದುವಾಗ ನಮಗೆ ಅಭಿಮಾನ ಉಂಟಾಗುವುದು ಸಹಜ. ಆ ಅಭಿಮಾನವನ್ನು ಸ್ವಲ್ಪ ತಡೆದು ಓದಬೇಕೆಂಬುದು ಈ ಲೇಖನದ ವಿನಂತಿ. ಕಾರಣವನ್ನು ಅಯ್ಯೂಬ್ ಬಿನ್ ಸುಲೈಮಾನ್ ದಿಯಾಲೊ ಎಂಬವರ ಬದುಕೇ ಹೇಳುತ್ತದೆ.

ಅಯ್ಯೂಬ್ ಹುಟ್ಟಿದ್ದು 1701ರ ಸುಮಾರಿಗೆ, ಇಂದಿನ ಸೆನೆಗಲ್‌ನ ಪೂರ್ವ ಭಾಗದಲ್ಲಿರುವ ಬುಂಡು ಎಂಬಲ್ಲಿ. ತಂದೆ ಆ ಊರಿನ ಇಮಾಮರು. ಹದಿನೈದರ ವಯಸ್ಸಿಗೆ ಮಗ ಹಾಫಿಝ್ ಆಗಿದ್ದ. ಬುಂಡುವನ್ನು ಸ್ಥಾಪಿಸಿದವರು ಅಯ್ಯೂಬರ ಅಜ್ಜ. ಆಶ್ರಯ ಕೋರಿ ಆ ಊರಿಗೆ ಓಡಿಬಂದವರನ್ನು ಯಾರೂ ಗುಲಾಮರನ್ನಾಗಿ ಮಾಡಕೂಡದೆಂಬ ಕಟ್ಟಳೆ ಅಲ್ಲಿತ್ತು. ಓದಬಲ್ಲವರಿಗೆ, ದೇವನನ್ನು ಅರಿತವರಿಗೆ ಈ ರಕ್ಷಣೆ ಸಲ್ಲುತ್ತದೆ ಎಂದು ಅಯ್ಯೂಬ್ ಅದನ್ನು ವಿವರಿಸಿದ್ದರು. ಓದುಗರು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಓದಬಲ್ಲವರಿಗೆ ರಕ್ಷಣೆ ಉಂಟು. ಹಾಗಾದರೆ ಓದಲಾರದವರಿಗೆ?

1731ರ ಫೆಬ್ರವರಿಯಲ್ಲಿ ಗ್ಯಾಂಬಿಯಾ ನದಿಗೆ ಇಂಗ್ಲಿಷ್ ಹಡಗೊಂದು ಬಂದಿರುವ ಸುದ್ದಿ ಬುಂಡುವನ್ನು ತಲಪಿತು. ಇಮಾಮರ ಮನೆಗೆ ಕಾಗದ ಬೇಕಿತ್ತು. ಬೇರೆ ಕೆಲವು ಸಾಮಾನುಗಳೂ ಬೇಕಿದ್ದವು. ಬೆಲೆಯಾಗಿ ಕೊಡಲು ಮನೆಯಲ್ಲಿ ಇಬ್ಬರು ಗುಲಾಮರಿದ್ದರು. ಆ ಇಬ್ಬರನ್ನು ಮಾರಿ ಕಾಗದ ತರುವಂತೆ ತಂದೆ ಮಗನನ್ನು ಕಳುಹಿಸಿದರು. ನದಿಯನ್ನು ಮಾತ್ರ ದಾಟಬಾರದು, ಆಚೆ ದಡ ಶತ್ರುಗಳದ್ದು ಎಂದು ಎಚ್ಚರಿಸಿದ್ದರು.

ಹಡಗಿನ ಕ್ಯಾಪ್ಟನ್ ಪೈಕ್ ಜೊತೆ ದರ ಹೊಂದಲಿಲ್ಲ. ಅಯ್ಯೂಬ್ ಹಿಂದಿರುಗುವ ಬದಲು, ಆಚೆ ದಡದ ಮಂಡಿಂಗೊ ಭಾಷೆ ಬಲ್ಲ ಲಾಮಿನ್ ಎಂಬವನನ್ನು ದುಭಾಷಿಯಾಗಿ ಜೊತೆಗೆ ಕರೆದುಕೊಂಡು ನದಿ ದಾಟಿದರು. ಅಲ್ಲಿ ಆ ಇಬ್ಬರನ್ನು ಕೊಟ್ಟು ಹಸುಗಳನ್ನು ಪಡೆದರು. ಮರಳುವ ದಾರಿಯಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ದಣಿವಾರಿಸಿಕೊಳ್ಳಲು ತಂಗಿ, ಚಿನ್ನದ ಹಿಡಿಯ ಕತ್ತಿಯನ್ನೂ ಬಾಣದ ಬತ್ತಳಿಕೆಯನ್ನೂ ಕಳಚಿ ತೂಗುಹಾಕಿದ್ದರು. ಹಿಂಬಾಗಿಲಿನಿಂದ ಏಳೆಂಟು ಮಂದಿ ನುಗ್ಗಿ ಅಯ್ಯೂಬರನ್ನೂ ಲಾಮಿನ್‌ನನ್ನೂ ಕಟ್ಟಿಹಾಕಿದರು. ಯುದ್ಧದಲ್ಲಿ ಸೆರೆಸಿಕ್ಕ ಗುಲಾಮರಂತೆ ಕಾಣಲೆಂದು ಇಬ್ಬರ ತಲೆಯನ್ನೂ ಗಡ್ಡವನ್ನೂ ಬೋಳಿಸಿದರು. ಫೆಬ್ರವರಿ 27ರಂದು ಅವರನ್ನು ಮಾರಿದ್ದು ಯಾರಿಗೆ? ಅದೇ ಕ್ಯಾಪ್ಟನ್ ಪೈಕ್‌ಗೆ. ಕೆಲವು ದಿನಗಳ ಹಿಂದೆ ಯಾವ ಹಡಗಿನ ಮುಂದೆ ನಿಂತು ಮನುಷ್ಯರ ಬೆಲೆ ಚೌಕಾಶಿ ಮಾಡಿದ್ದರೋ ಅದೇ ಹಡಗಿನ ತಳಕ್ಕೆ ಅಯ್ಯೂಬ್ ಇಳಿದರು.

ಕ್ಯಾಪ್ಟನ್ ಅವರನ್ನು ಗುರುತಿಸಿದ. ತಂದೆಗೆ ಹೇಳಿಕಳುಹಿಸಲು ಅನುಮತಿಯನ್ನೂ ಕೊಟ್ಟ. ಆದರೆ ಊರು ಹದಿನೈದು ದಿನಗಳ ದಾರಿ. ಹಡಗು ಒಂದು ವಾರದಲ್ಲೇ ಹೊರಟಿತು. ಮಗನನ್ನು ಬಿಡಿಸಲು ತಂದೆ ಆಮೇಲೆ ಈಡನ್ನು ಕಳುಹಿಸಿದರೆಂದು ಅಯ್ಯೂಬರಿಗೆ ಎಷ್ಟೋ ಕಾಲದ ನಂತರ ತಿಳಿಯಿತು. ಆ ಈಡು ಹಣವಲ್ಲ, ಚಿನ್ನವಲ್ಲ. ಹಲವು ಮಂದಿ ಗುಲಾಮರು.

ಮೇರಿಲ್ಯಾಂಡ್‌ನಲ್ಲಿ ಟಾಲ್ಸಿ ಎಂಬಾತ ಅಯ್ಯೂಬರನ್ನು ಕೊಂಡ. ಹೊಗೆಸೊಪ್ಪಿನ ಕೆಲಸ ಮೈಗೆ ಹೊಂದದಾಗ ದನ ಕಾಯಲು ಬಿಟ್ಟ. ದನ ಬಿಟ್ಟು ಕಾಡಿನ ಮರೆಯಲ್ಲಿ ನಮಾಝ್‌ಗೆ ನಿಂತಾಗ ಬಿಳಿಯ ಹುಡುಗನೊಬ್ಬ ಕದ್ದು ನೋಡುತ್ತಿದ್ದ, ಗೇಲಿ ಮಾಡುತ್ತಿದ್ದ, ಮುಖಕ್ಕೆ ಮಣ್ಣೆರಚುತ್ತಿದ್ದ. ದೂರು ಹೇಳಲು ಭಾಷೆಯಿಲ್ಲ. ಅಯ್ಯೂಬ್ ಓಡಿಹೋದರು; ಸಿಕ್ಕಿಬಿದ್ದು ಸೆರೆ ಸೇರಿದರು. ಅಲ್ಲಿ ಅವರನ್ನು ನೋಡಲು ಬಂದವರಲ್ಲಿ ಥಾಮಸ್ ಬ್ಲೂಯೆಟ್ ಎಂಬವರಿದ್ದರು. ಅಯ್ಯೂಬ್ ಒಂದೆರಡು ಸಾಲು ಬರೆದು ಓದಿದಾಗ ಅಲ್ಲಾಹ್ ಮತ್ತು ಮುಹಮ್ಮದ್ ಎಂಬ ಎರಡು ಪದಗಳು ಕೇಳಿದವರಿಗೆ ತಿಳಿದವು. ಕೊಟ್ಟ ಮದ್ಯವನ್ನು ಅವರು ಮುಟ್ಟಲಿಲ್ಲ. ಇವನು ಮುಸ್ಲಿಮ್, ಸಾಮಾನ್ಯ ಗುಲಾಮನಲ್ಲ ಎಂದು ಆ ಜನ ತೀರ್ಮಾನಿಸಿದರು. ಅಯ್ಯೂಬರ ಭಾಷೆ ಬಲ್ಲ ಮುದುಕ ಗುಲಾಮನೊಬ್ಬ ಸಿಕ್ಕಿ ಮಾತನ್ನು ದಾಟಿಸಿದ. ಈ ಮುದುಕನ ಹೆಸರೂ ಎಲ್ಲಿಯೂ ಇಲ್ಲ.

ಬಳಿಕ ಅಯ್ಯೂಬ್ ತಂದೆಗೆ ಅರಬಿಯಲ್ಲಿ ಪತ್ರ ಬರೆದರು. ಪತ್ರ ಆಫ್ರಿಕವನ್ನು ಮುಟ್ಟಲಿಲ್ಲ. ಲಂಡನ್ನಿನಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಎಂಬ ಪ್ರಭಾವಿಯ ಕೈಗೆ ಸಿಕ್ಕಿತು. ಆತ ಅದನ್ನು ಆಕ್ಸ್‌ಫರ್ಡಿನಲ್ಲಿ ಅನುವಾದ ಮಾಡಿಸಿ ಓದಿ ಮರುಗಿ, 45 ಪೌಂಡಿನ ಮುಚ್ಚಳಿಕೆ ಬರೆದುಕೊಟ್ಟು ಅಯ್ಯೂಬರನ್ನು ಇಂಗ್ಲೆಂಡಿಗೆ ತರಿಸುವ ಏರ್ಪಾಡು ಮಾಡಿದ. ಈ ಮರುಗಿದ ಮನುಷ್ಯ ಆಗ ರಾಯಲ್ ಆಫ್ರಿಕನ್ ಕಂಪೆನಿಯ ಉಪಾಧ್ಯಕ್ಷ. ಸಾವಿರಾರು ಗುಲಾಮರನ್ನು ಸಾಗಿಸಿದ ಕಂಪೆನಿ ಅದು.

1733ರಲ್ಲಿ ಲಂಡನ್ ಅಯ್ಯೂಬರನ್ನು ಮೆರೆಸಿತು. ಹಡಗಿನಲ್ಲಿ ತಾನೇ ಕೊಯ್ದ ಪ್ರಾಣಿಯ ಮಾಂಸವನ್ನಷ್ಟೇ ತಿನ್ನುತ್ತಿದ್ದ, ನೆನಪಿನಿಂದಲೇ ಕುರ್‌ಆನಿನ ಮೂರು ಪ್ರತಿಗಳನ್ನು ಬರೆದ ಈ ಯುವಕನನ್ನು ಕಾಣಲು ರಾಜಮನೆತನದವರೂ ವಿದ್ವಾಂಸರೂ ಬಯಸಿದರು. ವಿಲಿಯಂ ಹೋರ್ ಎಂಬ ಕಲಾವಿದ ಅವರ ಚಿತ್ರ ಬರೆದ. ಚಿತ್ರಕ್ಕೆ ಅಯ್ಯೂಬ್ ಮೊದಲು ಒಪ್ಪಿರಲಿಲ್ಲ. ಯಾರಾದರೂ ಅದನ್ನು ಪೂಜಿಸಿಯಾರೆಂಬ ಅಳುಕು. ಒಪ್ಪಿದ ಮೇಲೆ, ನನ್ನ ನಾಡಿನ ಉಡುಪಿನಲ್ಲೇ ಬರೆಯಿರಿ ಎಂದರು. ಕಾಣದ ಉಡುಪನ್ನು ಹೇಗೆ ಬರೆಯಲಿ ಎಂದು ಕಲಾವಿದ ಕೇಳಿದ. ಯಾರೂ ಕಾಣದ ದೇವನನ್ನು ನಿಮ್ಮ ಚಿತ್ರಕಾರರು ಬರೆಯುವುದಿಲ್ಲವೇ ಎಂದು ಅಯ್ಯೂಬ್ ಮರುಪ್ರಶ್ನೆ ಹಾಕಿದರಂತೆ. ಬಿಳಿಯ ನಿಲುವಂಗಿ, ರುಮಾಲು, ಕೊರಳಲ್ಲಿ ಕೆಂಪು ಹೊದಿಕೆಯ ಕುರ್‌ಆನ್ ಇರುವ ಆ ಚಿತ್ರ ಇಂದಿಗೂ ಉಳಿದಿದೆ.

1734ರ ಆಗಸ್ಟ್‌ನಲ್ಲಿ ಅಯ್ಯೂಬ್ ಗ್ಯಾಂಬಿಯಾಕ್ಕೆ ಮರಳಿದರು. ಅಲ್ಲಿ ಕಂಪೆನಿಯ ನೌಕರನಾಗಿದ್ದ ಫ್ರಾನ್ಸಿಸ್ ಮೂರ್ ಕಂಡದ್ದನ್ನು ಬರೆದಿಟ್ಟಿದ್ದಾನೆ. ತಮ್ಮನ್ನು ಹಿಡಿದವರು ಎದುರಾದಾಗ ಅಯ್ಯೂಬರ ಕೈ ಪಿಸ್ತೂಲಿಗೆ ಹೋಯಿತು, ಮೂರ್ ತಡೆದ. ವಿಚಾರಿಸಿದಾಗ ಒಂದು ಸುದ್ದಿ ತಿಳಿಯಿತು. ಅಯ್ಯೂಬರಿಗೆ ಬೆಲೆಯಾಗಿ ಕ್ಯಾಪ್ಟನ್ ಪೈಕ್ ಕೊಟ್ಟ ಸಾಮಾನಿನಲ್ಲಿ ಒಂದು ಪಿಸ್ತೂಲಿತ್ತು. ಅಲ್ಲಿಯ ರಾಜ ಅದನ್ನು ಕೊರಳಿಗೆ ನೇತುಹಾಕಿಕೊಂಡಿದ್ದಾಗ ಅದು ತಾನೇ ಹಾರಿ ಗಂಟಲಿಗೆ ಗುಂಡು ಹೊಕ್ಕು ಸತ್ತಿದ್ದ. ಅಯ್ಯೂಬ್ ಮಂಡಿಯೂರಿ ಅಲ್ಲಾಹನನ್ನು ಸ್ತುತಿಸಿದರು. ತಂದೆ ತೀರಿಕೊಂಡಿದ್ದಾರೆ, ಪತ್ನಿಯರಲ್ಲಿ ಒಬ್ಬಳು ಮರುಮದುವೆಯಾಗಿದ್ದಾಳೆ ಎಂದು ತಿಳಿದಾಗ ಅತ್ತರು. ಇಲ್ಲಿಗೆ ಕಥೆ ಮುಗಿದಿದ್ದರೆ ನಮ್ಮ ಪ್ರವಚನಗಳಿಗೆ ಎಷ್ಟು ಚೆನ್ನಾಗಿ ಹೊಂದುತ್ತಿತ್ತು! ಆದರೆ ಮೂರ್ ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದಾನೆ. ಮರಳಿ ಬಂದ ಅಯ್ಯೂಬ್ ತಮ್ಮಲ್ಲಿದ್ದ ಸಾಮಾನುಗಳನ್ನು ಕೊಟ್ಟು ಒಬ್ಬ ಗುಲಾಮ ಹೆಂಗಸನ್ನೂ ಎರಡು ಕುದುರೆಗಳನ್ನೂ ಕೊಂಡರು.

ಹಡಗಿನ ತಳವನ್ನು ಕಂಡುಬಂದವರು, ಬೋಳಿಸಿದ ಗಡ್ಡದ ಅವಮಾನವನ್ನು ಬಲ್ಲವರು, ಹಾಫಿಝರು. ಅವರ ಕೈಯಿಂದ ಇದು ಹೇಗೆ ನಡೆಯಿತು? ಅಯ್ಯೂಬರನ್ನು ಕಪಟಿ ಎನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಅವರ ದೃಷ್ಟಿಯಲ್ಲಿ ಗುಲಾಮಗಿರಿ ತಪ್ಪಾಗಿರಲಿಲ್ಲ. ತನ್ನಂತಹ ವಿದ್ಯಾವಂತ ಮುಸ್ಲಿಮನನ್ನು ಗುಲಾಮನಾಗಿಸಿದ್ದು ತಪ್ಪಾಗಿತ್ತು. ಓಗಲ್‌ಥಾರ್ಪ್ ಮತ್ತು ಬ್ಲೂಯೆಟ್ ಕೂಡ ಇದನ್ನೇ ನಂಬಿದ್ದರು. ಬುಂಡುವಿನ ಕಟ್ಟಳೆಯೂ ಲಂಡನ್ನಿನ ಕರುಣೆಯೂ ಹೀಗೆ ಒಂದೇ ಗೆರೆಯನ್ನು ಎಳೆದವು. ಓದಬಲ್ಲವನು ಗೆರೆಯ ಈಚೆ, ಉಳಿದವರು ಆಚೆ. ಕಾಗದಕ್ಕಾಗಿ ಕರೆದೊಯ್ಯಲ್ಪಟ್ಟು ಹಸುಗಳಿಗೆ ಬದಲಾದ ಆ ಇಬ್ಬರ ಹೆಸರನ್ನು ಬ್ಲೂಯೆಟ್ ಕೇಳಲಿಲ್ಲ, ಅಯ್ಯೂಬ್ ಹೇಳಲಿಲ್ಲ. ಅವರು ಗಂಡಸರೋ ಹೆಂಗಸರೋ ಎಂಬುದೂ ಪುಸ್ತಕದಲ್ಲಿಲ್ಲ. ಇಡೀ ಕಥೆ ಆರಂಭವಾದದ್ದು ಮಾತ್ರ ಅವರಿಂದ.

ಅಯ್ಯೂಬರ ಬಿಡುಗಡೆಗೆ ಓದುಬರಹ ದಾರಿಯಾಯಿತು. ಎಲ್ಲರಿಗೂ ಹಾಗಾಗಲಿಲ್ಲ. ಸೆನೆಗಲ್ ನದಿಯ ದಡದ ಫೂತಾ ತೋರೊದಲ್ಲಿ ಹುಟ್ಟಿದ ಉಮರ್ ಬಿನ್ ಸಈದ್ 25 ವರ್ಷ ವಿದ್ಯೆ ಕಲಿತವರು. ಅವರ ನಾಡಿನಲ್ಲಿ 1776ರಲ್ಲಿ ಆಲಿಮರ ಆಡಳಿತವೊಂದು ಹುಟ್ಟಿಕೊಂಡಿತ್ತು. ಅದರ ನಾಯಕ ಅಬ್ದುಲ್ ಖಾದಿರ್ ಕಾನ್ ತನ್ನ ಸೀಮೆಯ ಮೂಲಕ ಫ್ರೆಂಚರು ಗುಲಾಮರನ್ನು ಸಾಗಿಸುವುದನ್ನು ತಡೆದವರು. ಅವರು ಕೊಲೆಯಾದ ಸುಮಾರಿಗೇ, 1807ರಲ್ಲಿ, ಉಮರ್ ಸೆರೆಸಿಕ್ಕು ಅಮೆರಿಕದ ಚಾರ್ಲ್ಸ್‌ಟನ್ ಬಂದರಿನಲ್ಲಿ ಮಾರಲ್ಪಟ್ಟರು. ಕ್ರೂರ ಒಡೆಯನಿಂದ ಓಡಿ, ನಾರ್ತ್ ಕ್ಯಾರೊಲಿನಾದ ಫಯೆಟ್‌ವಿಲ್ ಎಂಬಲ್ಲಿ ಪ್ರಾರ್ಥನೆಗೆಂದು ಚರ್ಚೊಂದನ್ನು ಹೊಕ್ಕಾಗ ಸಿಕ್ಕಿಬಿದ್ದರು. 16 ದಿನಗಳ ಸೆರೆಯಲ್ಲಿ ಇದ್ದಿಲಿನಿಂದ ಗೋಡೆಯ ತುಂಬ ಅರಬಿ ಬರೆದರಂತೆ. ಅದನ್ನು ನೋಡಲು ಊರೇ ನೆರೆಯಿತು. ಆದರೆ ಬಿಡುಗಡೆ ಸಿಗಲಿಲ್ಲ, ಹೊಸ ಒಡೆಯ ಸಿಕ್ಕಿದ. ಮುಂದೆ ಆ ರಾಜ್ಯದ ಗವರ್ನರ್ ಆದ ಜಾನ್ ಓವೆನ್ ಎಂಬಾತನ ಸಹೋದರ ಜೇಮ್ಸ್ ಓವೆನ್.

1831ರಲ್ಲಿ ಉಮರ್ ತಮ್ಮ ಬದುಕನ್ನು ಅರಬಿಯಲ್ಲಿ ಬರೆದರು. ಹದಿನೈದು ಪುಟಗಳು. ಆತ್ಮಕಥೆಗೆ ಮೊದಲು ಅವರು ಬರೆದದ್ದು ಸೂರಃ ಅಲ್‌ಮುಲ್ಕ್. ಆಧಿಪತ್ಯವೆಲ್ಲ ಯಾರದೆಂದು ಸಾರುವ ಅಧ್ಯಾಯವದು. ಒಡೆಯನಿಗೆ ಅರಬಿ ಬಾರದು. ಒಡೆಯ ಒಳ್ಳೆಯವನೆಂದು ಮುಂದಿನ ಪುಟಗಳಲ್ಲಿ ಹೊಗಳುವ ಗುಲಾಮ, ಒಡೆತನ ಅಲ್ಲಾಹನದೆಂದು ಮೊದಲ ಪುಟದಲ್ಲೇ ಬರೆದಿಟ್ಟದ್ದನ್ನು ಮನೆಯವರಾರೂ ಓದಲಾರರು. ಉಮರ್ ಕ್ರೈಸ್ತರಾದರೆಂದು ಒಡೆಯರು ಸಾರಿದರು. ಅವರಿಗೆ ಕೊಟ್ಟ ಅರಬಿ ಬೈಬಲ್ಲಿನಲ್ಲಿ ಉಮರ್ ಕೈಯಿಂದ ಅಲ್ಲಾಹನ ಸ್ತುತಿಯ ಬರಹಗಳಿವೆ. ಈ ವಾದದಲ್ಲಿ ತೀರ್ಪು ಕೊಡಲು ನಾವು ಯಾರು? ಸ್ವತಂತ್ರನಲ್ಲದವನ ಬಾಯಿಂದ ಬಂದ ಸಾಕ್ಷ್ಯವನ್ನು ಸ್ವತಂತ್ರನ ಸಾಕ್ಷ್ಯದಂತೆ ಅಳೆಯಲಾಗದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ತೊಂಬತ್ತು ದಾಟಿದ ಉಮರ್ ತೀರಿಕೊಂಡಾಗ ಅವರು ಇನ್ನೂ ಗುಲಾಮರೇ. ಆ ಹಸ್ತಪ್ರತಿಯನ್ನು 2017ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೊಂಡುಕೊಂಡಿತು.

ಇದೇ ಕಾಲದ ಬ್ರೆಝಿಲ್‌ನಲ್ಲಿ ಗುಲಾಮ ಮುಸ್ಲಿಮರ ಕಾಗದಗಳಿಗೆ ಬೇರೆಯೇ ಗತಿಯಾಯಿತು. 1835ರ ರಮಝಾನ್ ತಿಂಗಳ ಕೊನೆಯ ದಿನಗಳಲ್ಲಿ ಬಹಿಯಾದ ಸಾಲ್ವದೋರ್ ನಗರದಲ್ಲಿ ಸುಮಾರು 600 ಆಫ್ರಿಕನ್ನರು ದಂಗೆ ಎದ್ದರು. ಎಪ್ಪತ್ತಕ್ಕೂ ಹೆಚ್ಚು ಮಂದಿ ಹತರಾದರು. ಅವರ ಕೊರಳ ತಾಯಿತಗಳಲ್ಲಿ, ಬಿಡಾರಗಳಲ್ಲಿ ಅರಬಿ ಕಾಗದಗಳು ಸಿಕ್ಕವು. ಕುರ್‌ಆನಿನ ಸೂಕ್ತಗಳು, ದುಆಗಳು, ಅಕ್ಷರ ತಿದ್ದಿದ ಹಾಳೆಗಳು. ಹಗಲೆಲ್ಲ ಹೊರೆ ಹೊತ್ತವರು ರಾತ್ರಿ ಕುಳಿತು ಅಕ್ಷರ ತಿದ್ದುತ್ತಿದ್ದರು! ಮದ್ರಸದಲ್ಲಿ ಕಲಿಸುವ ನಮ್ಮಂಥವರಿಗೆ ಆ ಹಾಳೆಗಳ ಬೆಲೆ ಬೇಗ ಅರ್ಥವಾಗುತ್ತದೆ. ನ್ಯಾಯಾಲಯಕ್ಕೆ ಅವು ದಂಗೆಯ ಸಾಕ್ಷ್ಯ.

ಈ ಜನರ ನಡುವೆ ಗೌರವಾನ್ವಿತರಾಗಿದ್ದ ಹಿರಿಯರೊಬ್ಬರಿದ್ದರು. ಒಡೆಯ ಅವರನ್ನು ಕರೆಯುತ್ತಿದ್ದುದು ಪಸಿಫಿಕೊ ಎಂದು. ಜನರಿಗೆ ಅವರು ಲಿಕುಟಾನ್. ಅವರನ್ನು ಬಿಡಿಸಲು ಶಿಷ್ಯರು ಎರಡು ಬಾರಿ ಹಣ ಕೂಡಿಸಿದ್ದರು. ಒಡೆಯ ಎರಡು ಬಾರಿಯೂ ಮಾರಲೊಲ್ಲೆ ಎಂದ. ಆದರೆ ಅವನ ಸಾಲಕ್ಕೆ ಈಡಾಗಿ ಅವರನ್ನು ಜಪ್ತಿ ಮಾಡಿ ಸೆರೆಯಲ್ಲಿಡಲಾಯಿತು. ದಂಗೆ ನಡೆದ ರಾತ್ರಿ ಅವರು ಸೆರೆಯಲ್ಲೇ ಇದ್ದರು. ಆದರೂ 1,200 ಛಡಿಯೇಟಿನ ಶಿಕ್ಷೆಯಾಯಿತು. ವಿಚಾರಣೆಯಲ್ಲಿ ಹೆಸರು ಕೇಳಿದಾಗ ಅವರು ಹೇಳಿದ್ದು ಬಿಲಾಲ್ ಎಂದು. ಅದು ನಿನ್ನ ಹೆಸರಲ್ಲ ಎಂದು ನ್ಯಾಯಾಧೀಶ ಆಕ್ಷೇಪಿಸಿದ. ನೀವು ಹೇಗೆ ಬೇಕಾದರೂ ಕರೆಯಿರಿ, ನನ್ನ ಹೆಸರು ಬಿಲಾಲ್ ಎಂಬರ್ಥದ ಉತ್ತರ ಕೊಟ್ಟರು. ಮಕ್ಕಾದ ಬಿಲಾಲ್(ರ)ರಿಗೆ ಅಬೂಬಕರ್(ರ)ರಂಥವರು ದೊರೆತರು. ಸಾಲ್ವದೋರ್‌ನ ಬಿಲಾಲ್‌ಗೆ ದೊರೆತದ್ದು ತಮ್ಮಂತೆಯೇ ಗುಲಾಮರಾದ, ಹೊರೆ ಹೊತ್ತು ಕಾಸು ಕೂಡಿಸಿದ ಶಿಷ್ಯರು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಗುಲಾಮಗಿರಿಯ ಪ್ರಸ್ತಾಪ ಬಂದಾಗ ನಾವು ಕೂಡಲೇ ಕುರ್‌ಆನಿನ ಬೋಧನೆಗಳನ್ನು ಎಣಿಸುತ್ತೇವೆ. ಗುಲಾಮ ವಿಮೋಚನೆಯನ್ನು ಪುಣ್ಯವೆಂದೂ ಹಲವು ತಪ್ಪುಗಳಿಗೆ ಪ್ರಾಯಶ್ಚಿತ್ತವೆಂದೂ ವಿಧಿಸಿದೆ, ಝಕಾತ್‌ನಲ್ಲಿ ಅದಕ್ಕೊಂದು ಪಾಲಿಟ್ಟಿದೆ, ಬಿಡುಗಡೆಯ ಕರಾರು ಕೇಳುವವರಿಗೆ ಬರೆದುಕೊಡಿರೆಂದಿದೆ. ಎಲ್ಲವೂ ನಿಜ. ಬರೀರಃ(ರ)ರನ್ನು ನೆನೆಯಿರಿ. ಅಂತಹ ಕರಾರು ಮಾಡಿಕೊಂಡು, ಹಝ್ರತ್ ಆಇಶಾ(ರ)ರ ನೆರವಿನಿಂದ ಸ್ವತಂತ್ರರಾದವರು. ಬಿಡುಗಡೆಯ ನಂತರ ಪತಿ ಮುಗೀಸ್‌ರ ಜೊತೆ ಬಾಳಲು ಅವರಿಗೆ ಇಷ್ಟವಿರಲಿಲ್ಲ. ಅಳುತ್ತ ಬೀದಿಯಲ್ಲಿ ಹಿಂಬಾಲಿಸುತ್ತಿದ್ದ ಪತಿಯ ಪರವಾಗಿ ಪ್ರವಾದಿ(ಸ)ರೇ ಮಾತನಾಡಿದರು. ಇದು ಆಜ್ಞೆಯೇ ಎಂದು ಬರೀರಃ ಕೇಳಿದರು. ಅಲ್ಲ, ಶಿಫಾರಸು ಮಾತ್ರ ಎಂದಾಗ, ಹಾಗಾದರೆ ನನಗೆ ಬೇಡ ಎಂದರು. ನಿನ್ನೆಯವರೆಗೆ ಗುಲಾಮಳಾಗಿದ್ದ ಹೆಣ್ಣೊಬ್ಬಳ 'ಬೇಡ' ಎಂಬ ಮಾತನ್ನು ನಮ್ಮ ಹದೀಸ್ ಗ್ರಂಥಗಳು ಜೋಪಾನವಾಗಿ ಕಾಯ್ದಿಟ್ಟಿವೆ.

ಆದರೆ ಬೋಧನೆಯನ್ನು ಹೇಳಿ, ನಡೆದ ಇತಿಹಾಸವನ್ನು ಬಿಟ್ಟುಬಿಡುವುದು ಪ್ರಾಮಾಣಿಕತೆಯಲ್ಲ. ಬರೀರಃರ ನಂತರದ ಶತಮಾನಗಳಲ್ಲಿ ಸಹರಾ ಮರುಭೂಮಿಯ ದಾರಿಯಲ್ಲಿ, ಕೆಂಪು ಸಮುದ್ರ ಮತ್ತು ಹಿಂದೂ ಮಹಾಸಾಗರದಲ್ಲಿ ಮನುಷ್ಯರನ್ನು ಸಾಗಿಸಿದ ವ್ಯಾಪಾರಿಗಳಲ್ಲಿ ನಮ್ಮವರು ಬಹಳ. ಸೌದಿ ಅರೇಬಿಯಾದಲ್ಲಿ ಗುಲಾಮಗಿರಿ ರದ್ದಾದದ್ದು 1962ರಲ್ಲಿ, ಮಾರಿಟೇನಿಯಾದಲ್ಲಿ 1981ರಲ್ಲಿ. ಟ್ಯುನೀಶಿಯಾದ ಅಹ್ಮದ್ ಬೇ ಮಾತ್ರ 1846ರಲ್ಲೇ, ಅಮೆರಿಕಕ್ಕಿಂತ 19 ವರ್ಷ ಮೊದಲು, ಹನಫಿ ಮತ್ತು ಮಾಲಿಕಿ ಮುಫ್ತಿಗಳ ಬೆಂಬಲ ಪಡೆದು ಅದನ್ನು ನಿಲ್ಲಿಸಿದ. ಅವನ ತಾಯಿ ಸಾರ್ಡೀನಿಯಾ ಕಡೆಯ ದ್ವೀಪವೊಂದರಿಂದ ಕಡಲ್ಗಳ್ಳರು ಹೊತ್ತುತಂದ ಸೆರೆಯಾಳು ಎಂಬುದನ್ನು ಇದರೊಂದಿಗೆ ಓದಿಕೊಳ್ಳಬೇಕು.

ನಮ್ಮ ದಖ್ಖನಿನಲ್ಲೂ ಇದೇ. ಇಥಿಯೋಪಿಯಾದಲ್ಲಿ ಚಾಪು ಎಂಬ ಹೆಸರಿನಿಂದ ಹುಟ್ಟಿ, ಬಾಗ್ದಾದಿನಲ್ಲಿ ಮಾರಲ್ಪಟ್ಟು, ಅಹ್ಮದ್‌ನಗರದ ಸರ್ವಾಧಿಕಾರಿಯ ಮಟ್ಟಕ್ಕೆ ಏರಿ, ಮೊಗಲರನ್ನು ನಡುಗಿಸಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್‌ನನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಅವನಿಗೆ ಮಲಿಕ್ ಎಂಬ ಬಿರುದು ಬಂದದ್ದು ಬಿಜಾಪುರದಿಂದ ಎಂದು ಸೇರಿಸುತ್ತೇವೆ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನ ಸಿದ್ದಿಗಳ ಹಿರಿಯರೂ ಅದೇ ಆಫ್ರಿಕದಿಂದ ಬಂದವರೇ. ಅವರಲ್ಲಿ ಅನೇಕರು ಪೋರ್ಚುಗೀಸರ ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಇಂದು ಅವರಲ್ಲಿ ಮುಸ್ಲಿಮರು, ಕ್ರೈಸ್ತರು, ಹಿಂದೂಗಳು ಎಲ್ಲರೂ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಸಿದ್ದಿಗಳ ಡಮಾಮಿ ಕುಣಿತವನ್ನು ವೇದಿಕೆಯಲ್ಲಿ ನೋಡಿ ಚಪ್ಪಾಳೆ ತಟ್ಟಿದವರು ನಮ್ಮಲ್ಲಿ ಬಹಳ. ಮನೆತನದ ಕಥೆಯನ್ನು ಕೂತು ಕೇಳಿದವರು ಎಷ್ಟು? ಆಳಿದವನ ಕಥೆ ಉಳಿಯುತ್ತದೆ, ಬರೆಯಬಲ್ಲವನ ಕಥೆ ಉಳಿಯುತ್ತದೆ. ಓಡಿಹೋದವರ ಕಥೆ ಅವರ ಮಕ್ಕಳು ಮೊಮ್ಮಕ್ಕಳ ಬಾಯಲ್ಲಷ್ಟೇ ಇದೆ.

ಅಯ್ಯೂಬರ ಜೊತೆ ಸೆರೆಸಿಕ್ಕ ದುಭಾಷಿ ಲಾಮಿನ್ ಏನಾದ? ಅಯ್ಯೂಬ್ ಲಂಡನ್ನಿನಲ್ಲಿ ಚಿತ್ರಕ್ಕೆ ಕುಳಿತಿದ್ದಾಗ ಅವನು ಮೇರಿಲ್ಯಾಂಡ್‌ನಲ್ಲಿ ದುಡಿಯುತ್ತಿದ್ದ. ಕೂಲಿಗೆಂದು ಜೊತೆ ಹೋದವನು ಅವನು. ಮಾರಲು ಹೋದವನಲ್ಲ, ಮಾರಿದ ಲಾಭ ಪಡೆಯಬೇಕಾದವನೂ ಅಲ್ಲ. ಅಯ್ಯೂಬ್ ಅವನನ್ನು ಮರೆಯಲಿಲ್ಲ, ಬ್ಲೂಯೆಟ್ ಕೂಡ ಮರೆಯಲಿಲ್ಲ ಎಂಬುದನ್ನು ಹೇಳಲೇಬೇಕು. ಅವರ ಪ್ರಯತ್ನದಿಂದ ಕೆಲವು ವರ್ಷಗಳ ನಂತರ ಲಾಮಿನ್ ಕೂಡ ಬಿಡುಗಡೆ ಹೊಂದಿ ಗ್ಯಾಂಬಿಯಾಕ್ಕೆ ಮರಳಿದ. ನದಿಯ ಎರಡೂ ದಡದ ಭಾಷೆ ಬಲ್ಲವನಾದ್ದರಿಂದ, ಹಸುಗಳ ಬದಲಿಗೆ ಆ ಇಬ್ಬರನ್ನು ಕೊಟ್ಟ ದಿನದ ಮಾತುಕತೆಯೆಲ್ಲ ನಡೆದದ್ದು ಅವನ ಬಾಯಿಂದಲೇ. ಅವರ ಹೆಸರು ಅವನಿಗೆ ತಿಳಿದಿದ್ದಿರಬಹುದು. ಲಾಮಿನ್‌ನ ಬಳಿ ಕಾಗದ ಹಿಡಿದು ಕುಳಿತು ಕೇಳಿದವರು ಯಾರೂ ಇರಲಿಲ್ಲ.